ಸಹಾಯ ಬೇಕು: ಬಳ್ಳಾರಿಯಲ್ಲಿ ಸ್ಪಾರ್ಕ್ ಪ್ಲಗ್ ಬದಲಿಸೋಕೆ ಒಳ್ಳೆ ಮೆಕ್ಯಾನಿಕ್

ಎಲ್ಲರಿಗೂ ನಮಸ್ಕಾರ. ನನ್ನದು ಮೂರು ಸಿಲಿಂಡರ್ ಪೆಟ್ರೋಲ್ ಕಾರು. 40,000 ಕಿ.ಮೀ. ದಾಟಿದೆ, ಪ್ಲಗ್ ಮಾತ್ರ ಹೊಸದರಲ್ಲಿ ಬಂದದ್ದೇ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಗಾಡಿ ನಡುಗುತ್ತೆ, ಮೈಲೇಜೂ ಇಳಿದಿದೆ. ಒಂದು ಪ್ಲಗ್ ಬಿಚ್ಚಿ ನೋಡಿದೆ: ತುದಿಗೆ ಒಣ ಮಸಿ ಹಿಡಿದಿದೆ. ಏರ್ ಫಿಲ್ಟರ್ ಅಂತೂ ಕೆಂಪು ಕೆಂಪು. ದಿನಾ ತೋರಣಗಲ್ಲು ರಸ್ತೆಯಲ್ಲಿ ಅದಿರು ಲಾರಿಗಳ ಹಿಂದೆ ಓಡಾಟ, ಇನ್ನೇನಾಗುತ್ತೆ ಹೇಳಿ! ಫಿಲ್ಟರ್ ಕಟ್ಟಿಕೊಂಡರೂ ಹೀಗೆ ಮಸಿ ಹಿಡಿಯುತ್ತೆ ಅಲ್ವಾ? ಎರಡನ್ನೂ ಒಟ್ಟಿಗೆ ಬದಲಿಸೋಣ ಅಂತಿದ್ದೀನಿ.

ಮಾಮೂಲಿ ನಿಕ್ಕಲ್ ಪ್ಲಗ್ ಸಾಕಾ, ಇಲ್ಲ ದುಡ್ಡು ಜಾಸ್ತಿ ಆದರೂ ಬಾಳಿಕೆ ಬರುತ್ತೆ ಅಂತ ಇರಿಡಿಯಂ ಹಾಕಿಸಲಾ? ಕೌಲ್ ಬಜಾರ್ ಕಡೆ ಯಾರಾದರೂ ಗೊತ್ತಿದ್ದರೆ ತಿಳಿಸಿ. ಸುಮ್ನೆ ಬಲ ಹಾಕಿ ಬಿಗಿದು ಎಂಜಿನ್ ಹೆಡ್‌ನ ಥ್ರೆಡ್ ಕೆಡಿಸೋರು ಬೇಡ, ಎಷ್ಟು ಬಿಗೀಬೇಕೋ ಅಷ್ಟೇ ಅಳತೆಯಲ್ಲಿ ಬಿಗಿಯೋ ಟಾರ್ಕ್ ರೆಂಚ್ ಬಳಸೋರು ಬೇಕು. ಕೂಲಿ ಎಷ್ಟಾಗುತ್ತೆ ಅಂತಲೂ ಹೇಳಿ.