ಅಜ್ಜಿಯ ಕೌದಿ ಹೊಲಿಯಲು ಸಹಾಯ ಬೇಕು

ನಮಸ್ಕಾರ. ನಮ್ಮ ಅಮ್ಮನ ಅಮ್ಮ ಹಳಿಯಾಳದ ಕಡೆಯ ಸಿದ್ದಿ ಸಮುದಾಯದವಳು, ಅಪ್ಪನ ಮನೆಯವರು ಧಾರವಾಡದವರು. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ತಂದ ಸಿದ್ದಿ ಜನ ಕಾಡು ಸೇರಿದ ಕಥೆಯನ್ನು ಅಜ್ಜಿ ಕೌದಿ ಹೊಲಿಯುತ್ತಲೇ ಹೇಳುತ್ತಿದ್ದಳು. ನಾನು ಸುಮ್ನೆ ಕೇಳಿಸಿಕೊಂಡೆ, ಕೈ ನೋಡಲಿಲ್ಲ. ಈಗ ಅಜ್ಜಿ ಇಲ್ಲ.

ಅವಳ ಸೀರೆ, ಅಪ್ಪನ ಅಮ್ಮನ ಇಳಕಲ್ ಸೀರೆ ಎರಡನ್ನೂ ಸೇರಿಸಿ ಒಂದು ಕೌದಿ ಮಾಡಬೇಕು ಅಂತ ಕೂತಿದ್ದೇನೆ. ಅಂಚಿನಿಂದ ಸುತ್ತುತ್ತಾ ನಡುವಿಗೆ ಬರುವ ಓಟದ ಹೊಲಿಗೆ (ರನ್ನಿಂಗ್ ಸ್ಟಿಚ್) ಹೇಗೋ ಬಂತು, ಮೂರು ಸಲ ಬಿಚ್ಚಿದ ಮೇಲೆ. ಸಿಕ್ಕಿಬಿದ್ದಿರುವುದು ಮೂಲೆಯಲ್ಲಿ. ಸಿದ್ದಿ ಕೌದಿಯ ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಮಾಡಿದ ತ್ರಿಕೋನದ 'ಫೂಲ್' (ಹೂ) ಇರಬೇಕು, ಅದಿಲ್ಲದಿದ್ದರೆ ಕೌದಿ ಬೆತ್ತಲೆ ಅಂತಾರೆ. ವಿಡಿಯೋ ನೋಡಿದೆ, ಮಡಿಕೆ ಕಾಣುವ ಹೊತ್ತಿಗೆ ಕ್ಯಾಮೆರಾ ಬೇರೆ ಕಡೆ! ನಾನು ಮಾಡಿದ್ದು ಸಮೋಸಾ ಥರ ಉಬ್ಬುತ್ತದೆ, ಹಳೇ ಇಳಕಲ್ ಬಟ್ಟೆಯಂತೂ ಸೂಜಿ ಹಾಕಿದಲ್ಲೇ ಹರಿಯುತ್ತದೆ.

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯವರು ಯಾರಾದರೂ ಇದ್ದೀರಾ? ಫೂಲನ್ನು ಅಂಚು ಹೊಲಿಯುವ ಮೊದಲೇ ಕೂರಿಸಬೇಕಾ, ಕೊನೆಗಾ? ಹರಿಯುವ ಸೀರೆಗೆ ಅಡಿಯಲ್ಲಿ ಯಾವ ಬಟ್ಟೆ ಕೊಡಲಿ?