ಅನಾನಸ್ ಜಾಮ್ ನೀರು ನೀರಾಗಿದೆ, ಒಂದು ಬಾಟಲಿಗೆ ಬೂಷ್ಟು ಬೇರೆ!

ಮಲೆನಾಡ ಹುಡುಗಿ:
ಬನವಾಸಿ ಕಡೆಯಿಂದ ಅತ್ತೆ ಒಂದು ಚೀಲ ಅನಾನಸ್ ಕಳಿಸಿದ್ದರು. ಸಿಪ್ಪೆ, ಕಣ್ಣು ಎಲ್ಲ ತೆಗೆದು ಮಿಕ್ಸಿಗೆ ಹಾಕಿದ ಮೇಲೆ ತಿರುಳು 2 ಕೆಜಿ ಬಂತು. ಸಕ್ಕರೆ 1 ಕೆಜಿ ಮಾತ್ರ ಹಾಕಿದೆ, ನಮ್ಮಲ್ಲಿ ಜಾಸ್ತಿ ಸಿಹಿ ಯಾರೂ ತಿನ್ನುವುದಿಲ್ಲ. 105 ಡಿಗ್ರಿ ಬರಬೇಕು ಅಂತ ಎಲ್ಲೋ ಓದಿದ್ದೆ. ಥರ್ಮಾಮೀಟರ್ 99ಕ್ಕೇ ನಿಂತಿತು, ಸಾಕಾಗಿ ಇಳಿಸಿದೆ. ಆರಿದ ಮೇಲೆ ಅರ್ಧ ಕೆಜಿ ಹಿಡಿಯುವ 5 ಬಾಟಲಿಗೆ ತುಂಬಿದೆ. ದೋಸೆಗೆ ಹಚ್ಚಿದರೆ ತಟ್ಟೆಗೆ ಹರಿಯುತ್ತದೆ. ಫ್ರಿಜ್ಜಿನಲ್ಲಿರುವ ನಾಲ್ಕು ಸರಿಯಾಗಿವೆ. ಹೊರಗಿಟ್ಟ ಒಂದಕ್ಕೆ ಬೂಷ್ಟು. ಮೇಲಿನದು ತೆಗೆದು ತಿನ್ನಬಹುದಾ? ಊರು ಬೆಂಗಳೂರು.

ಗೊಜ್ಜು ಪ್ರಿಯ:
ಅನಾನಸ್ ಅಂದರೆ ಹಾಗೇ ಅಕ್ಕ. ಅದರಲ್ಲಿ ಬ್ರೊಮೆಲೈನ್ ಅಂತ ಒಂದು ಕಿಣ್ವ ಇದೆ, ಗಟ್ಟಿಯಾಗಲು ಬಿಡುವುದಿಲ್ಲ.

ಹಳೇ ಬಾಟಲಿ:
ಅದು ಜೆಲ್ಲಿ ಗಟ್ಟಿಯಾಗಿಸುವ ಜೆಲಾಟಿನ್ ಎಂಬ ಪ್ರೋಟೀನಿನ ಕಥೆ. ಬ್ರೊಮೆಲೈನ್ ಒಡೆಯುವುದು ಪ್ರೋಟೀನನ್ನು. ಜಾಮ್ ಹಿಡಿದಿಡುವ ಪೆಕ್ಟಿನ್ ಪ್ರೋಟೀನೇ ಅಲ್ಲ. ಅದೂ ಅಲ್ಲದೆ, ಕುದಿಸಿದ ಮೇಲೆ ಆ ಕಿಣ್ವ ಎಲ್ಲಿ ಉಳಿಯುತ್ತದೆ?

ಬೂಷ್ಟು ಬಂದ ಬಾಟಲಿ ಪೂರ್ತಿ ಚೆಲ್ಲಿ. ಕಾಣುವುದು ಮೇಲಿನದು ಮಾತ್ರ, ಅದರ ವಿಷ ಕೆಳಗೂ ಇಳಿದಿರಬಹುದು.

ಈಗ ನಿಮ್ಮದೇ ಲೆಕ್ಕ ನೋಡಿ. ಅನಾನಸ್ ತಿರುಳಿನಲ್ಲಿ ನೂರಕ್ಕೆ ಸುಮಾರು 13ರಷ್ಟು ಸಕ್ಕರೆ ಮತ್ತಿತರ ಸಾರ ಇರುತ್ತದೆ. 2 ಕೆಜಿಗೆ 260 ಗ್ರಾಂ. ನೀವು ಹಾಕಿದ್ದು 1 ಕೆಜಿ. ಒಟ್ಟು 1260 ಗ್ರಾಂ. ತುಂಬಿದ್ದು ಎರಡೂವರೆ ಕೆಜಿ ಜಾಮ್. ಅಂದರೆ ಅರ್ಧಕ್ಕರ್ಧ ನೀರು! ಜಾಮ್ ಅನ್ನಿಸಿಕೊಳ್ಳಲು ಈ ಸಕ್ಕರೆ-ಸಾರ ನೂರಕ್ಕೆ 65ಕ್ಕಿಂತ ಮೇಲಿರಬೇಕು. ಹರಿಯುವುದಕ್ಕೂ ಬೂಷ್ಟಿಗೂ ಮುಖ್ಯ ಕಾರಣ ಆ ನೀರೇ.

ಥರ್ಮಾಮೀಟರ್ ಸುಳ್ಳು ಹೇಳಿಲ್ಲ. 105 ಎನ್ನುವುದು ಸಮುದ್ರ ಮಟ್ಟದ ಲೆಕ್ಕ. ಬೆಂಗಳೂರಿನಲ್ಲಿ ಬರೀ ನೀರೇ 97ಕ್ಕೆ ಕುದಿಯುತ್ತದೆ, ಹಾಗಾಗಿ ಇಲ್ಲಿ 102 ಬಂದರೆ ಸಾಕು. ನನಗಂತೂ ಥರ್ಮಾಮೀಟರಿಗಿಂತ ತಕ್ಕಡಿ ಮೇಲೆ ನಂಬಿಕೆ ಜಾಸ್ತಿ. ಖಾಲಿ ಪಾತ್ರೆ ಮೊದಲೇ ತೂಗಿಟ್ಟುಕೊಳ್ಳಿ.

ಇನ್ನೊಂದು, ಅನಾನಸಿನಲ್ಲಿ ಪೆಕ್ಟಿನ್ ಕಡಿಮೆ. ಸೀಬೆಯಲ್ಲಿ ಬೇಕಾದಷ್ಟಿದೆ. ಅರ್ಧ ಕೆಜಿ ಸೀಬೆ ಹೆಚ್ಚಿ, ಮುಳುಗುವಷ್ಟು ನೀರಿನಲ್ಲಿ ಅರ್ಧ ಗಂಟೆ ಬೇಯಿಸಿ ಬಟ್ಟೆಯಲ್ಲಿ ಸೋಸಿ. ಹಿಂಡಬೇಡಿ, ಕದಡುತ್ತದೆ. ಉಳಿದ 2 ಕೆಜಿ ಜಾಮಿಗೆ ಆ ನೀರು, ಇನ್ನರ್ಧ ಕೆಜಿ ಸಕ್ಕರೆ, ಎರಡು ನಿಂಬೆಯ ರಸ ಸೇರಿಸಿ. ಅಗಲ ಬಾಯಿಯ ಪಾತ್ರೆಯಲ್ಲಿ ದೊಡ್ಡ ಉರಿ ಇಟ್ಟು, ತಳ ಹಿಡಿಯದಂತೆ ಕೈಯಾಡಿಸುತ್ತಾ ಕುದಿಸಿ. ಪಾತ್ರೆ ತೂಕ ಕಳೆದು 2.25 ಕೆಜಿಗೆ ಬಂದಾಗ ಇಳಿಸಿ.

ಮಲೆನಾಡ ಹುಡುಗಿ:
ಅಯ್ಯೋ, ಮತ್ತೆ ಸಕ್ಕರೆನಾ?

ಹಳೇ ಬಾಟಲಿ:
ಬೇಡವಾದರೆ ಈಗಿರುವುದನ್ನೇ ಫ್ರಿಜ್ಜಿನಲ್ಲಿಟ್ಟು ಬೇಗ ಖಾಲಿ ಮಾಡಿ, ಮೊಸರಿಗೆ ಚೆನ್ನಾಗಿರುತ್ತದೆ. ಹೊರಗಿಡಬೇಕೆಂದರೆ ಸಕ್ಕರೆ ಬೇಕೇ ಬೇಕು.

ಆರಿಸಿ ತುಂಬಿದ್ದೂ ತಪ್ಪೇ. ಬಾಟಲಿ 10 ನಿಮಿಷ ನೀರಿನಲ್ಲಿ ಕುದಿಸಿ, ಬಿಸಿ ಬಾಟಲಿಗೆ ಬಿಸಿ ಜಾಮ್ ಹಾಕಿ. ಮೇಲೆ ಕಾಲು ಇಂಚು ಜಾಗ ಬಿಡಿ, ಅಂಚು ಒರೆಸಿ ಹೊಸ ಮುಚ್ಚಳ ಹಾಕಿ. ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ಬಾಟಲಿ ಮುಳುಗುವಷ್ಟು ನೀರಿನಲ್ಲಿ 15 ನಿಮಿಷ ಕುದಿಸಿ. ಬಟ್ಟೆ ಮರೆತು ಒಮ್ಮೆ ನಾನು ಮೂರು ಬಾಟಲಿ ಒಡೆದಿದ್ದೇನೆ.

ಮಲೆನಾಡ ಹುಡುಗಿ:
ಭಾನುವಾರ ಮಾಡಿದೆ. 2.3 ಕೆಜಿಗೆ ಇಳಿಸಿದೆ, ಥರ್ಮಾಮೀಟರ್ 101 ದಾಟಿತ್ತು. ಬೆಳಗ್ಗೆ ಚಮಚ ಓರೆ ಮಾಡಿದರೂ ಬೀಳಲಿಲ್ಲ! ಸೀಬೆ ವಾಸನೆ ಸ್ವಲ್ಪ ಇದೆ, ಅತ್ತೆಗೆ ಹೇಳಿಲ್ಲ.