ವಾರ್‌ಕ್ರಾಫ್ಟ್ 3: ಆರ್ಥಸ್ ನಿಜವಾಗಿ ಖಳನಾ, ಅಥವಾ ಅವನೇ ಬಲಿಯಾದವನಾ?

ತುಂಗಾತೀರ:

ನಮ್ಮ ಕಡೆ ತುಂಬಾ ಜನ ವಾರ್‌ಕ್ರಾಫ್ಟ್ 3 ಕಂಪ್ಯೂಟರ್ ಗೇಮ್‌ನಲ್ಲಿ ಆಟಗಾರರೇ ಮಾಡಿದ ಡೋಟಾ ಮ್ಯಾಪ್ ಮಾತ್ರ ಆಡಿದ್ದಾರೆ, ಮಿಷನ್ ಮಿಷನ್ ಆಗಿ ಸಾಗುವ ಕಥೆಯ ಕ್ಯಾಂಪೇನ್ ಮುಟ್ಟಿಯೇ ಇಲ್ಲ. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಇನ್ನು ಮುಂದೆ ಆಡಬೇಕು ಅಂತಿರುವವರು ಇಲ್ಲಿಗೇ ನಿಲ್ಲಿಸಿ, ಕಥೆ ಪೂರ್ತಿ ಹೊರಗೆ ಬರುತ್ತದೆ.

ಆರ್ಥಸ್ ಲಾರ್ಡೆರಾನ್ ರಾಜ್ಯದ ಯುವರಾಜ. ರಾಜ್ಯದಲ್ಲಿ ಒಂದು ಪಿಡುಗು ಹಬ್ಬುತ್ತದೆ. ಆಂಡೋರ್ಹಾಲ್ ಎಂಬ ಊರಿನಿಂದ ಹೋದ ಧಾನ್ಯದಲ್ಲೇ ಅದು ಸೇರಿಕೊಂಡಿದೆ. ತಿಂದವರು ಬರೀ ಸಾಯುವುದಿಲ್ಲ, ಸತ್ತು ಎದ್ದು ಶತ್ರುವಿನ ಸೈನ್ಯ ಸೇರುತ್ತಾರೆ. ಇದು ಅವನಿಗೆ ಗೊತ್ತಾಗುವುದು ಹಾರ್ತ್‌ಗ್ಲೆನ್‌ನಲ್ಲಿ, ಊರಿನವರು ಕಣ್ಣೆದುರೇ ಬದಲಾದಾಗ. ಅಲ್ಲಿ ಆರ್ಥಸ್‌ನ ಗುರು ಊಥರ್ ಬರುವ ತನಕ 30 ನಿಮಿಷ ಊರನ್ನು ಕಾಯಬೇಕು. ಆಡುವ ನಮಗೇ ಸಾಕುಸಾಕಾಗುತ್ತದೆ.

ಅದರ ಬೆನ್ನಿಗೇ ಸ್ಟ್ರಾಥೋಲ್ಮ್. ಅಲ್ಲಿ ಧಾನ್ಯ ಆಗಲೇ ಹಂಚಿ ಆಗಿದೆ. ಇಡೀ ಊರನ್ನೇ ಕೊಲ್ಲಬೇಕು ಅನ್ನುತ್ತಾನೆ ಆರ್ಥಸ್. ಊಥರ್ ಒಪ್ಪುವುದಿಲ್ಲ. ಆರ್ಥಸ್ ಆ ಗುರುವನ್ನೇ ದ್ರೋಹಿ ಅಂದು ಹುದ್ದೆಯಿಂದಲೇ ತೆಗೆದುಹಾಕುತ್ತಾನೆ. ಇದನ್ನು ನೋಡಲಾರೆ ಎಂದು, ಜೊತೆಗಿದ್ದ ಮಾಂತ್ರಿಕೆ ಜೈನಾ ಹೊರಟುಹೋಗುತ್ತಾಳೆ. ಆಮೇಲೆ ಶತ್ರು ಸೈನ್ಯದ ರಾಕ್ಷಸ ನಾಯಕ ಮಾಲ್‌ಗಾನಿಸ್ 100 ಜನರನ್ನು ತನ್ನವರಾಗಿ ಮಾಡಿಕೊಳ್ಳುವ ಮೊದಲು ನಾವು 100 ಜನರನ್ನು ಮುಗಿಸಬೇಕು.

ನನ್ನ ಪ್ರಶ್ನೆ ಇದು. ಅವನಿಗೆ ಬೇರೆ ದಾರಿ ಎಲ್ಲಿತ್ತು? ಪಿಡುಗು ಹಬ್ಬಿಸಿದ ಮಾಂತ್ರಿಕ ಕೆಲ್‌ಥುಜಾಡ್ ಸಾಯುವ ಮುಂಚೆ ಬೇಕಂತಲೇ ಸ್ಟ್ರಾಥೋಲ್ಮ್‌ನ ಹೆಸರು ಹೇಳಿ ಹೋಗುತ್ತಾನೆ. ಮಾಲ್‌ಗಾನಿಸ್ ಅಲ್ಲಿಂದ ಆರ್ಥಸ್‌ನನ್ನು ನಾರ್ತ್‌ರೆಂಡ್ ಎಂಬ ಹಿಮನಾಡಿಗೆ ಎಳೆಯುತ್ತಾನೆ. ಅಲ್ಲಿ ಫ್ರಾಸ್ಟ್‌ಮೋರ್ನ್ ಕತ್ತಿ ಅವನಿಗಾಗಿಯೇ ಕಾಯುತ್ತಿದೆ. ಹಿಡಿದ ಕೂಡಲೇ ಅದು ಆತ್ಮವನ್ನೇ ಕಸಿಯುತ್ತದೆ. ಮುಂದೆ ಅಪ್ಪನನ್ನು ಸಿಂಹಾಸನದ ಮುಂದೆಯೇ ಕೊಂದವನು ಅವನಾ, ಕತ್ತಿಯಾ? ಜನರನ್ನು ಉಳಿಸಬೇಕು ಅಂತ ಹೊರಟ ಹುಡುಗನನ್ನು ಹಂತಹಂತವಾಗಿ ಬಲೆಗೆ ಕೆಡವಿದ್ದಾರೆ. ಅವನನ್ನು ಖಳ ಅನ್ನಲು ನನಗೆ ಮನಸ್ಸು ಬರುತ್ತಿಲ್ಲ.

ಹಳೇಮೌಸ್:

ಎಲ್ಲರೂ ಸ್ಟ್ರಾಥೋಲ್ಮ್ ಬಗ್ಗೆಯೇ ಜಗಳ ಆಡುತ್ತಾರೆ. ನನ್ನ ಪ್ರಕಾರ ನೋಡಬೇಕಾದ್ದು ಅದಾದ ಎರಡು ಮಿಷನ್ ಮುಂದೆ.

ನಾರ್ತ್‌ರೆಂಡ್‌ಗೆ ರಾಜನ ದೂತ ಬರುತ್ತಾನೆ. ಊಥರ್ ರಾಜನನ್ನು ಒಪ್ಪಿಸಿದ್ದಾನೆ, ಸೈನ್ಯ ವಾಪಸ್ ಬರಬೇಕು ಅಂತ ಆಜ್ಞೆ. ಸೈನಿಕರು ಕಾಡಿನಲ್ಲಿ ದಾರಿ ಕಡಿಯುತ್ತಾ ಹಡಗಿನ ಕಡೆ ಹೊರಟಿದ್ದಾರೆ. ಮನೆಗೆ ಹೋಗುವ ಆಸೆ ಅವರಿಗೆ. ಆಗ ಆರ್ಥಸ್ ಏನು ಮಾಡುತ್ತಾನೆ? ದುಡ್ಡು ಕೊಟ್ಟು ಬಾಡಿಗೆ ಸೈನಿಕರನ್ನು ಕರೆತಂದು, ತನ್ನವರು ತಲುಪುವ ಮೊದಲೇ ಹಡಗುಗಳನ್ನು ಸುಡಿಸುತ್ತಾನೆ. ಸೈನಿಕರು ಬಂದ ಮೇಲೆ ಅದೇ ಬಾಡಿಗೆಯವರ ಕಡೆ ಕೈ ತೋರಿಸಿ, 'ನಿಮ್ಮ ಹಡಗು ಸುಟ್ಟವರು ಇವರೇ, ಕೊಲ್ಲಿ' ಅನ್ನುತ್ತಾನೆ. ಅವರು ನಂಬಿ ಕೊಲ್ಲುತ್ತಾರೆ.

ಆಗಿನ್ನೂ ಕತ್ತಿ ಅವನ ಕೈಗೆ ಬಂದಿಲ್ಲ. ಆತ್ಮ ಪೂರ್ತಿ ಅವನದೇ. ಅಲ್ಲಿ ಪಿಡುಗು ಇಲ್ಲ, ಅಷ್ಟು ಹೊತ್ತಿನೊಳಗೆ ಕೊಲ್ಲದಿದ್ದರೆ ಊರು ಕೈತಪ್ಪುತ್ತದೆ ಅನ್ನುವ ಒತ್ತಡವೂ ಇಲ್ಲ. ತನ್ನನ್ನು ನಂಬಿ ಬಂದವರಿಗೆ ಮನೆಯ ದಾರಿ ಮುಚ್ಚಿ, ಮೇಲೆ ಸುಳ್ಳು ಹೇಳಿದ. ಪಕ್ಕದಲ್ಲಿದ್ದ ಕುಳ್ಳರ ಜನಾಂಗದ ಗೆಳೆಯ ಮುರಾಡಿನ್‌ಗೆ ಎಲ್ಲ ಗೊತ್ತು, ಇದೇನು ಮಾಡಿದೆ ಅಂತ ಅವನು ಕೇಳಿಯೂ ಕೇಳುತ್ತಾನೆ. ಅದೇ ಮುರಾಡಿನ್ ಕತ್ತಿಯ ಕೆಳಗಿನ ಬರಹ ಓದಿ ಇದು ಶಾಪಗ್ರಸ್ತ, ಬಿಟ್ಟುಬಿಡು ಅನ್ನುತ್ತಾನೆ. ಓದಿ ಹೇಳಿದ ಮೇಲೂ ಕೈ ಹಾಕಿದವನನ್ನು ಮೋಸ ಹೋದವನು ಅನ್ನಲು ನನ್ನಿಂದ ಆಗುವುದಿಲ್ಲ.

ಬಯಲುಸೀಮೆ_ಪ್ರಿಯಾ:

ನಾನು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವವಳು. ಸ್ಟ್ರಾಥೋಲ್ಮ್ ಆಡುವಾಗ ನನಗೆ ಕಂಡದ್ದೇ ಬೇರೆ. ಊಟದಿಂದ ಕಾಯಿಲೆ ಬಂದಿದೆ ಅಂದರೆ ನಾವು ಮೊದಲು ಕೇಳುವುದು ಯಾರು ತಿಂದರು, ಯಾರು ತಿಂದಿಲ್ಲ ಅಂತ. ಮನೆಮನೆಗೆ ಹೋಗಿ ಪಟ್ಟಿ ಮಾಡುತ್ತೇವೆ. ಒಂದೇ ಮನೆಯಲ್ಲಿ ಇಬ್ಬರು ತಿಂದಿರುತ್ತಾರೆ, ಹುಷಾರಿಲ್ಲದ ಅಜ್ಜಿ ಗಂಜಿ ಮಾತ್ರ ಕುಡಿದಿರುತ್ತಾಳೆ. ಆರ್ಥಸ್ ಆ ಪ್ರಶ್ನೆ ಕೇಳುವುದೇ ಇಲ್ಲ. ಊಥರ್ ಬೇಡ ಅಂದ, ಜೈನಾ ಬೇಡ ಅಂದಳು. ಇಬ್ಬರಲ್ಲಿ ಒಬ್ಬರ ಜೊತೆಗಾದರೂ ಕೂತು ಯೋಚಿಸಬಹುದಿತ್ತು.

ಇನ್ನೊಂದು ಮಾತು. ಗೇಮ್ ಕೂಡ ಇಲ್ಲಿ ಅವನ ಪರವಾಗಿಯೇ ಇದೆ. ನಾವು ಮನೆ ಒಡೆದರೆ ಹೊರಗೆ ಬಂದವರೆಲ್ಲ ಸ್ವಲ್ಪ ಹೊತ್ತಿಗೆ ನಡೆಯುವ ಹೆಣಗಳಾಗಿ ಬದಲಾಗುತ್ತಾರೆ. ಸೋಂಕಿಲ್ಲದ ಒಂದು ಕುಟುಂಬವನ್ನೂ ನಮಗೆ ತೋರಿಸುವುದಿಲ್ಲ. ತೋರಿಸಿದ್ದರೆ 'ಬೇರೆ ದಾರಿ ಎಲ್ಲಿತ್ತು' ಅಂತ ನೀವು ಇಷ್ಟು ಸುಲಭವಾಗಿ ಕೇಳುತ್ತಿದ್ದಿರಾ?

ಕಪ್ಪುಮಣ್ಣು:

ಬಲಿಯಾದವರನ್ನು ಹುಡುಕುವುದಾದರೆ ಸಿಲ್ವಾನಸ್ ಹತ್ತಿರ ಹೋಗಿ. ಎಲ್ಫ್ ಜನಾಂಗದ ಸಿಲ್ವರ್‌ಮೂನ್ ನಗರವನ್ನು ಕಾಯುತ್ತಿದ್ದ ಸೇನಾಪತಿ ಅವಳು. ಕತ್ತಿ ಹಿಡಿದ ಆರ್ಥಸ್ ಎದುರು ಸೋತ ಮೇಲೆ ಕೇಳಿದ್ದು ನೆಮ್ಮದಿಯ ಸಾವು ಒಂದನ್ನೇ. ಇಷ್ಟು ಕಾಡಿಸಿದ್ದಕ್ಕೆ ಅದನ್ನೂ ಕೊಡುವುದಿಲ್ಲ ಎಂದು ಆರ್ಥಸ್ ಅವಳ ಆತ್ಮವನ್ನು ಎಳೆದು ಬ್ಯಾನ್ಶೀ, ಅಂದರೆ ಚೀರುವ ಪ್ರೇತ, ಮಾಡಿದ. ಆದರೆ ಅವಳ ಕಥೆಯೂ ಅಲ್ಲಿಗೆ ನಿಲ್ಲುವುದಿಲ್ಲ. ಇದೇ ಕಥೆ ಮುಂದುವರಿಯುವ ಆನ್‌ಲೈನ್ ಗೇಮ್ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ, 2018ರಲ್ಲಿ, ಊರೇ ಇದ್ದ ಟೆಲ್‌ಡ್ರಾಸಿಲ್ ಎಂಬ ದೈತ್ಯ ಮರವನ್ನು ಅದರಲ್ಲಿದ್ದ ಜನರ ಸಮೇತ ಸುಡಿಸಿದವಳು ಅವಳೇ.

ಮೇಲೆ ಹೋದರೂ ಇದೇ ಕಥೆ. ಕತ್ತಿ ಕಳಿಸಿದ ಲಿಚ್ ಕಿಂಗ್, ಅಂದರೆ ಆ ಸತ್ತವರ ಸೈನ್ಯದ ಒಡೆಯ, ಮೊದಲು ನೇರ್‌ಜುಲ್ ಎಂಬ ಆರ್ಕ್ ಜನಾಂಗದವನು. ರಾಕ್ಷಸ ಕಿಲ್‌ಜೇಡನ್ ಅವನ ದೇಹ ಛಿದ್ರ ಮಾಡಿ ಆತ್ಮವನ್ನು ಮಂಜುಗಡ್ಡೆಯಲ್ಲಿ ಸೆರೆ ಹಾಕಿದ. ಇಲ್ಲಿ ಪ್ರತಿಯೊಬ್ಬನ ಮೇಲೂ ಇನ್ನೊಬ್ಬ ಇದ್ದಾನೆ. ನೋವು ತಿಂದದ್ದು ಸುಳ್ಳಲ್ಲ, ಕೊಟ್ಟದ್ದೂ ಸುಳ್ಳಲ್ಲ.

ತುಂಗಾತೀರ:

ಮೂವರಿಗೂ ಥ್ಯಾಂಕ್ಸ್. ಪ್ರಿಯಾ ಅವರ ಮಾತು ಓದಿ ತುಂಬಾ ಹೊತ್ತು ಯೋಚಿಸಿದೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ 2008ರ ವಿಸ್ತರಣೆಯಲ್ಲಿ ಸ್ಟ್ರಾಥೋಲ್ಮ್ ಡಂಜನ್ (ಗುಂಪಾಗಿ ಆಡುವ ಮಿಷನ್) ಒಂದಿದೆಯಲ್ಲ, ಹಿಂದಿನ ಕಾಲಕ್ಕೆ ಹೋಗಿ ಆರ್ಥಸ್‌ಗೆ ನಾವೇ ಸಹಾಯ ಮಾಡಬೇಕು. ಇತಿಹಾಸ ಬದಲಾಗಬಾರದು ಅನ್ನುವುದು ಅಲ್ಲಿನ ಕಾರಣ. ಅಲ್ಲೂ ಯಾರು ತಿಂದಿಲ್ಲ ಅಂತ ಕೇಳಲು ಆಟಗಾರನಿಗೆ ಅವಕಾಶವಿಲ್ಲ.

ಆದರೂ ಆರ್ಥಸ್ ಮೇಲಿನ ಮರುಕ ನಾನು ಬಿಡುವುದಿಲ್ಲ. ಹಡಗಿನ ಪಾಪ ಅವನದೇ, ಅದಕ್ಕೆ ಕತ್ತಿಯ ನೆಪ ಕೊಡಲು ಬರುವುದಿಲ್ಲ, ಸರಿ. ಆದರೆ ಆ ಪಾಪಕ್ಕೆ ಆತ್ಮವನ್ನೇ ಕಸಿಯುವುದು ತಕ್ಕ ಶಿಕ್ಷೆಯಾ? ಕತ್ತಿ ಹಿಡಿದ ಮೇಲೆ ಮನಸ್ಸು ಬದಲಿಸಿ ತಿರುಗಿ ಬರುವ ಅವಕಾಶವೇ ಅವನಿಗೆ ಉಳಿಯಲಿಲ್ಲ. ತಪ್ಪು ಮಾಡಿದವನಿಗೂ ಅದೊಂದು ಉಳಿಯಬೇಕಿತ್ತು. ಆ ಮಟ್ಟಿಗೆ ಅವನಿಗೆ ಅನ್ಯಾಯ ಆಗಿದೆ ಅಂತಲೇ ಈಗಲೂ ಹೇಳುತ್ತೇನೆ.